ಮೇಳದ ಮಕ್ಕಳು

ಬೇಸಿಗೆ ಶಿಬಿರ ಅರ್ಧಕ್ಕೆ ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ತಕರಾರು ಏಳುತ್ತದೆ. ವರ್ಷವರ್ಷವೂ ಅದೇ ತಕರಾರು. ಹೇಳುವವರು ಮಾತ್ರ ಬೇರೆ. ಈ ಸಲ ಹೇಳಿದ್ದು ಎದುರುಮನೆಯ ಪುಟ್ಟಿಯ ತಾಯಿ. ಹಾಲಿನ ಬೂತಿನ ಮುಂದೆ ಸಿಕ್ಕಿದವರು, ‘ನೋಡಿ, ದಿನಾ ಈ ಉರಿಬಿಸಿಲಲ್ಲಿ ತಾಲೀಮು ತಾಲೀಮು ಅಂತ ಕಳಿಸ್ತಾ ಇದ್ದೀವಿ. ನಮ್ಮ ಹುಡುಗಿಗೆ ಒಂದು ಡೈಲಾಗಾದ್ರೂ ಕೊಡಬಾರದಿತ್ತಾ? ಮೇಳದಲ್ಲಿ ನಿಲ್ಲಿಸಿಬಿಟ್ಟಿದ್ದಾರೆ’ ಎಂದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. ಏನೋ ಸಮಾಧಾನ ಹೇಳಿ ಬಂದೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮೇಳವೆಂದರೆ ಪಾತ್ರ ಸಿಗದೆ ಉಳಿದವರು ನಿಲ್ಲುವ ಜಾಗ ಎಂದು ನಾವೆಲ್ಲ ಯಾವಾಗ ತೀರ್ಮಾನ ಮಾಡಿಕೊಂಡೆವು?

ಆ ಸಂಜೆ ಪುಟ್ಟಿ ಕಾಂಪೌಂಡಿನ ಗೋಡೆಯ ಮೇಲೆ ಕೂತು ಕಾಲಾಡಿಸುತ್ತ ಹಾಡುತ್ತಿದ್ದಳು. ರಾಜನ ಹಾಡು ಮುಗಿಸಿ ಪಂಡಿತರದು, ಅದು ಮುಗಿಸಿ ಅಕ್ಕಸಾಲಿಗನದು, ಆಮೇಲೆ ಗಿಳಿಯದು. ನಡುವೆ ಬಾಯಲ್ಲೇ ತಬಲ. ಪಕ್ಕದ ಬೀದಿಯಲ್ಲಿರುವ ರಾಜನ ಪಾತ್ರದ ಹುಡುಗ ತನ್ನ ಮಾತಷ್ಟನ್ನೇ ಉರು ಹೊಡೆಯುತ್ತ ಓಡಾಡುವುದನ್ನು ನಾನು ನೋಡಿದ್ದೆ. ಇವಳಿಗೆ ಇಡೀ ನಾಟಕ ಬಾಯಿಗೆ ಬಂದಿತ್ತು. ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೇ ಇರುವವಳು ಅವಳಲ್ಲವೇ!

ನಾಟಕ ‘ಪಂಜರ ಶಾಲೆ’. ರವೀಂದ್ರನಾಥ ಠಾಗೋರರ ಕಥೆಯೊಂದನ್ನು ಹಿಡಿದು ಬಿ.ವಿ. ಕಾರಂತರು ಮಕ್ಕಳಿಗಾಗಿ ಕಟ್ಟಿದ್ದು. ಶಾಲೆಗೆ ರಜೆ ಬಿಟ್ಟ ಮಕ್ಕಳು, ಒಂದು ಹಾರ್ಮೋನಿಯಂ, ಹಾಡು ಕಲಿಸುವ ಒಬ್ಬರು, ಇಷ್ಟು ಒಂದೆಡೆ ಸೇರಿದರೆ ಅಲ್ಲಿ ಈ ನಾಟಕದ ಹೆಸರು ಬಂದೇ ಬರುತ್ತದೆ. ಬಹಳ ಕಡೆ, ಬಹಳ ಬಗೆಯಲ್ಲಿ ಇದನ್ನು ನೋಡಿದ್ದೇನೆ. ದೊಡ್ಡ ರಂಗಮಂದಿರದಲ್ಲಿ ಬಣ್ಣಬಣ್ಣದ ಬೆಳಕಿನಲ್ಲಿ ನೋಡಿದ್ದೇನೆ. ಗಣಪತಿ ಪೆಂಡಾಲಿನಲ್ಲಿ ಹಿಂದೆ ಬೆಡ್‌ಶೀಟು ಕಟ್ಟಿ ಆಡಿದ್ದನ್ನೂ ನೋಡಿದ್ದೇನೆ. ಎರಡನೆಯದೇ ಹೆಚ್ಚು ನೆನಪಿದೆ.

ರವೀಂದ್ರರು ಆ ಕಥೆ ಬರೆದದ್ದು 1918ರಲ್ಲಿ, ಬಂಗಾಳಿಯಲ್ಲಿ. ಒಂದು ಹಕ್ಕಿ. ಹಾಡುತ್ತದೆ, ಕುಣಿಯುತ್ತದೆ, ಶಾಸ್ತ್ರ ಓದುವುದಿಲ್ಲ. ಇಂಥ ಹಕ್ಕಿಯಿಂದ ಏನು ಪ್ರಯೋಜನ, ಕಾಡಿನ ಹಣ್ಣು ತಿಂದು ಅರಮನೆಯ ಹಣ್ಣಿನ ವ್ಯಾಪಾರಕ್ಕೇ ನಷ್ಟ ಮಾಡುತ್ತಿದೆ ಎಂದು ರಾಜನಿಗೆ ಅನ್ನಿಸುತ್ತದೆ. ಅದಕ್ಕೆ ವಿದ್ಯೆ ಕಲಿಸಿ ಎಂದು ಅಪ್ಪಣೆಯಾಗುತ್ತದೆ. ಪಂಡಿತರು ಕೂತು ವಿಚಾರ ಮಾಡುತ್ತಾರೆ: ಹುಲ್ಲುಕಡ್ಡಿಯ ಗೂಡಿನಲ್ಲಿ ವಿದ್ಯೆ ಹಿಡಿಸುವುದಿಲ್ಲ, ಮೊದಲು ಒಳ್ಳೆಯ ಪಂಜರ ಆಗಬೇಕು. ಅಕ್ಕಸಾಲಿಗ ಚಿನ್ನದ ಪಂಜರ ಮಾಡುತ್ತಾನೆ. ಅದನ್ನು ನೋಡಲು ದೇಶದೇಶದಿಂದ ಜನ ಬರುತ್ತಾರೆ. ಪ್ರತಿ ಮಾಡುವವರು ಗ್ರಂಥಗಳನ್ನು ಬೆಟ್ಟದಷ್ಟು ಬರೆದು ಒಟ್ಟುತ್ತಾರೆ. ಪಂಜರದ ರಿಪೇರಿಗೆ ಆಳು, ಆಳುಗಳನ್ನು ನೋಡಿಕೊಳ್ಳಲು ಆಳು. ಎಲ್ಲರಿಗೂ ಸಂಬಳ, ಎಲ್ಲರಿಗೂ ಬಹುಮಾನ. ರಾಜನೇ ಒಮ್ಮೆ ವಾದ್ಯಸಮೇತ ಶಾಲೆ ನೋಡಲು ಬರುತ್ತಾನೆ. ನೋಡಿ ಮೆಚ್ಚಿ ಹೊರಟಾಗ ಪೊದೆಯ ಮರೆಯಿಂದ ಒಬ್ಬ ಕೇಳುತ್ತಾನೆ, ಮಹಾರಾಜ, ಹಕ್ಕಿಯನ್ನು ನೋಡಿದಿರಾ ಎಂದು. ರಾಜನಿಗೆ ಅದೇ ಮರೆತುಹೋಗಿರುತ್ತದೆ. ಹಾಳೆಗಳನ್ನು ಹರಿದು ಹರಿದು ಹಕ್ಕಿಯ ಬಾಯಿಗೆ ತುರುಕುತ್ತಾರೆ. ಹಾಡು ನಿಲ್ಲುತ್ತದೆ. ಬಡ ಕೊಕ್ಕಿನಿಂದ ಅದು ಸರಳು ಕಡಿಯಲು ನೋಡಿದರೆ ಕಾಲಿಗೆ ಸರಪಳಿ ಬೀಳುತ್ತದೆ, ರೆಕ್ಕೆ ಕತ್ತರಿಸಲಾಗುತ್ತದೆ. ಒಂದು ದಿನ ಹಕ್ಕಿ ಸತ್ತೇಹೋಗುತ್ತದೆ. ಅದರ ವಿದ್ಯೆ ಪೂರ್ತಿಯಾಯಿತು ಎಂದು ರಾಜನಿಗೆ ವರದಿ ಹೋಗುತ್ತದೆ.

ದೊಡ್ಡವರಾದ ಮೇಲೆ ಓದಿದರೆ ಎದೆ ಭಾರವಾಗುವ ಕಥೆ ಇದು. ಆರೇಳು ವರ್ಷದ ಮಕ್ಕಳ ಕೈಗೆ ಇದನ್ನು ಕೊಡಬಹುದೇ ಎಂದು ಯಾರಾದರೂ ಹಿಂಜರಿದರೆ ತಪ್ಪಲ್ಲ. ಕಾರಂತರು ಹಿಂಜರಿಯಲಿಲ್ಲ. ಕಥೆಯೊಳಗೆ ಅವರಿಗೆ ಹಾಡು ಕೇಳಿಸಿತು. ಹಾಡು ನಿಂತುಹೋದ ಹಕ್ಕಿಯ ಕಥೆಯನ್ನು ಹಾಡಿಕೊಂಡೇ ಹೇಳುವುದು, ಅದೂ ಶಾಲೆಯ ಬಾಗಿಲು ಈಗಷ್ಟೇ ದಾಟಿ ಬಂದ ಮಕ್ಕಳ ಬಾಯಲ್ಲಿ! ಈ ಯೋಚನೆಯ ಸೊಗಸು ನನಗೆ ಇಷ್ಟು ವರ್ಷವಾದರೂ ಹಳತಾಗಿಲ್ಲ. ಹಕ್ಕಿಯ ಬಾಯಿಂದ ಕಿತ್ತುಕೊಂಡದ್ದನ್ನು ನಾಟಕ ನಲವತ್ತು ಮಕ್ಕಳ ಬಾಯಿಗೆ ಹಂಚಿಕೊಟ್ಟಿದೆ.

ಕಾರಂತರ ಬಾಲ್ಯ ನೋಡಿದರೆ ಇದು ಎಲ್ಲಿಂದ ಬಂತೆಂದು ಸ್ವಲ್ಪ ತಿಳಿಯುತ್ತದೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಹುಡುಗ. ಮೂರನೇ ತರಗತಿಯಲ್ಲಿದ್ದಾಗ ಮೊದಲ ಸಲ ಬಣ್ಣ ಹಚ್ಚಿದ್ದು ಕುವೆಂಪು ಅವರ ‘ನನ್ನ ಗೋಪಾಲ’ಕ್ಕೆ. ಅದೂ ಶಾಲೆಗೆ ಹೋಗುವ ಹುಡುಗನ ಕಥೆಯೇ. ಬಡ ತಾಯಿಯ ಮಗ, ಶಾಲೆಯ ದಾರಿಯಲ್ಲಿ ಕಾಡು, ಕಾಡೆಂದರೆ ಹೆದರಿಕೆ. ಗೋಪಾಲನನ್ನು ಕೂಗು, ಬರುತ್ತಾನೆ ಎಂದು ತಾಯಿ ಹೇಳುತ್ತಾಳೆ. ಹುಡುಗ ಕೂಗುತ್ತಾನೆ, ಗೋಪಾಲ ಬರುತ್ತಾನೆ. ಆ ನಾಟಕದಲ್ಲಿ ಹುಡುಗನ ಜೀವ ಇರುವುದು ಶಾಲೆಯಲ್ಲಲ್ಲ, ಶಾಲೆಗೆ ಹೋಗುವ ದಾರಿಯಲ್ಲಿ. ಮೂರನೇ ತರಗತಿಯ ಹುಡುಗನಿಗೆ ಅಷ್ಟೆಲ್ಲ ಹೊಳೆದಿರಲಾರದು. ಆದರೂ ಮೊದಲ ನಾಟಕ ಮೈಯೊಳಗೆ ಎಲ್ಲೋ ಉಳಿದುಬಿಡುತ್ತದೆ ಎಂದು ನಾನು ನಂಬುತ್ತೇನೆ.

ಆಮೇಲೆ ಆ ಹುಡುಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದು, ಕಂಪನಿಯ ಒಡೆಯ ವೀರಣ್ಣನವರು ಅವನನ್ನು ಕಾಶಿಗೆ ಓದಲು ಕಳಿಸಿದ್ದು, ಅಲ್ಲಿ ಹಿಂದಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿದ್ದು, ಎಲ್ಲ ರಂಗಭೂಮಿಯವರಿಗೆ ಬಾಯಿಪಾಠ. ವೈದೇಹಿಯವರು ಕಾರಂತರ ಬಾಯಿಂದಲೇ ಕೇಳಿ ನಿರೂಪಿಸಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯಲ್ಲಿ ಆ ಅಲೆದಾಟವನ್ನು ಓದಬಹುದು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದ ಕಾಲ. ‘ಹಯವದನ’, ‘ಜೋಕುಮಾರಸ್ವಾಮಿ’ಗಳ ದೊಡ್ಡ ಹೆಸರು ಬರುವ ಮೊದಲೇ ಅವರು ಮಕ್ಕಳ ನಡುವೆ ಕೂತು ಹಾಡು ಕಲಿಸಿದವರು. ದೊಡ್ಡ ಹೆಸರು ಬಂದ ಮೇಲೂ ಮಕ್ಕಳನ್ನು ಬಿಡಲಿಲ್ಲ. 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಹುಟ್ಟಿತು; ಅವರ ಪತ್ನಿ ಪ್ರೇಮಾ ಕಾರಂತರು ಅದಕ್ಕೆ ತಾಯಿಯಂತೆ ನಿಂತರು. ‘ಅಳಿಲು ರಾಮಾಯಣ’, ‘ಹೆಡ್ಡಾಯಣ’, ‘ನೀಲಿ ಕುದುರೆ’ ಎಂದರೆ ಈಗ ಐವತ್ತು ದಾಟಿದ ಎಷ್ಟೋ ಜನರ ಮುಖ ಅರಳುತ್ತದೆ. ಅವರೆಲ್ಲ ನಟರಾದವರಲ್ಲ. ಬ್ಯಾಂಕಿನಲ್ಲಿ ಇದ್ದಾರೆ, ಅಂಗಡಿ ಇಟ್ಟಿದ್ದಾರೆ. ಆದರೆ ಒಂದು ಸಾಲು ಎತ್ತಿಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಎಲ್ಲರೂ ಯಾವತ್ತೋ ಮೇಳದಲ್ಲಿ ನಿಂತವರು.

ನಾನೂ ಮೇಳದಲ್ಲೇ ನಿಂತದ್ದು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜರ್ಮನಿಯ ಹ್ಯಾಮಲಿನ್ ಊರಿನ ಹಳೆಯ ಐತಿಹ್ಯವನ್ನು ಇಂಗ್ಲೆಂಡಿನ ಬ್ರೌನಿಂಗ್ 1842ರಲ್ಲಿ ಪದ್ಯ ಮಾಡಿದ. ಕುವೆಂಪು ಅದನ್ನು ನಮ್ಮ ತುಂಗೆಯ ದಡಕ್ಕೆ ತಂದು, ಕೊಳಲಿನವನ ಕೈಗೆ ಕಿಂದರಿ ಕೊಟ್ಟರು. ಇದೆಲ್ಲ ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ನಾವು ಇಲಿಗಳು. ತೆಂಗಿನ ನಾರಿನ ಹಗ್ಗದ ಬಾಲ, ಕಾಗದದ ಕಿವಿ. ಜೋಗಿಯ ಹಿಂದೆ ಸಾಲುಗಟ್ಟಿ ಕುಣಿಯುತ್ತ ಹೋಗಿ, ಇಬ್ಬರು ದೊಡ್ಡ ಹುಡುಗಿಯರು ಅಲ್ಲಾಡಿಸುತ್ತಿದ್ದ ನೀಲಿ ಸೀರೆಯ ಹೊಳೆಯೊಳಗೆ ಬಿದ್ದು ಸಾಯಬೇಕು. ಸತ್ತ ಮೇಲೆ ಪರದೆಯ ಹಿಂದೆ ಓಡಿ, ಬಾಲ ಕಿವಿ ಕಿತ್ತೆಸೆದು, ಊರಿನ ಮಕ್ಕಳಾಗಿ ಮತ್ತೆ ಬರಬೇಕು. ಇರುವುದೇ ಅಷ್ಟು ಜನ. ಇಲಿಗೆ ಬೇರೆ, ಮಕ್ಕಳಿಗೆ ಬೇರೆ ತರುವುದೆಲ್ಲಿಂದ?

ಆ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಟಿನಿಂದ ಆದದ್ದನ್ನು ಮಾತ್ರ ನಾನು ಮರೆತಿಲ್ಲ. ಇಲಿಗಳು ಹೊಳೆಗೆ ಬಿದ್ದಾಗ ಅಂಗಳದಲ್ಲಿ ಕೂತ ಊರವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಗೌಡ ಕೊಟ್ಟ ಮಾತಿಗೆ ತಪ್ಪಿದ, ಜೋಗಿ ಮತ್ತೆ ಕಿಂದರಿ ಮೀಟಿದ, ಅವೇ ಮುಖಗಳು ಅದೇ ಕುಣಿತದಲ್ಲಿ ಅವನ ಹಿಂದೆ ಹೊರಟವು. ಅಂಗಳದ ನಗು ನಿಂತುಹೋಯಿತು. ನನ್ನ ಅಜ್ಜಿ ಎದ್ದು ನಿಂತದ್ದು ನನಗೆ ರಂಗದ ಮೇಲಿನಿಂದಲೇ ಕಂಡಿತು. ಬೆಟ್ಟದ ಬಾಗಿಲೊಳಗೆ ಹೋಗುವ ಮೊದಲು ನಾವು ಹಿಂದಿರುಗಿ ನೋಡಬಾರದೆಂದು ಮೇಷ್ಟ್ರ ಕಟ್ಟಪ್ಪಣೆಯಾಗಿತ್ತು. ಯಾರೂ ನೋಡಲಿಲ್ಲ. ಒಬ್ಬ ಕುಂಟ ಹುಡುಗ ಹಿಂದೆ ಉಳಿದು ಹಾಡಿದ. ಅವನಿಗೆ ಇಡೀ ನಾಟಕದಲ್ಲಿ ಸಿಕ್ಕಿದ್ದು ಅದೊಂದೇ ಹಾಡು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದೂ ಆಗಲೇ.

ಮೈಸೂರಿನ ರಂಗಾಯಣದ ವನರಂಗದಲ್ಲಿ ಚಿಣ್ಣರ ಮೇಳದ ನಾಟಕ ನೋಡುವಾಗ ಇದೆಲ್ಲ ನೆನಪಾಗುತ್ತಿರುತ್ತದೆ. 1989ರಲ್ಲಿ ಹುಟ್ಟಿದ ರಂಗಾಯಣಕ್ಕೆ ಮೊದಲ ನಿರ್ದೇಶಕರು ಕಾರಂತರೇ. ಅವರು 2002ರಲ್ಲಿ ತೀರಿಕೊಂಡರು. ಆದರೂ ಬೇಸಿಗೆಯ ಸಂಜೆ ಆ ಬಯಲು ರಂಗದಲ್ಲಿ ಮಕ್ಕಳ ಗುಂಪು ಒಂದೇ ಉಸಿರಿಗೆ ಹಾಡು ಎತ್ತಿಕೊಂಡಾಗ, ಅವರು ಹಾರ್ಮೋನಿಯಂ ಮುಂದೆ ಎಲ್ಲೋ ಕೂತೇ ಇದ್ದಾರೆ ಅನ್ನಿಸುತ್ತದೆ.

ನಮ್ಮ ಬಡಾವಣೆಯ ಶಿಬಿರಕ್ಕೆ ಅಂಥ ರಂಗವೇನೂ ಇಲ್ಲ. ಸರ್ಕಾರಿ ಶಾಲೆಯ ಜಗಲಿ, ಎದುರಿಗೆ ಹೊಂಗೆಮರ. ಹಾಡು ಕಲಿಸುವವರನ್ನು ಮಕ್ಕಳು ‘ಅಣ್ಣ’ ಎಂದೇ ಕರೆಯುವುದು. ಪುಟ್ಟಿಯ ತಾಯಿಯ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಒಂದು ಸಂಜೆ ತಾಲೀಮು ನೋಡಲು ಹೋದೆ. ಆಮೇಲೆ ದಿನಾ ಹೋಗುವ ಹಾಗಾಯಿತು.

ಮೊದಲು ಕಂಡದ್ದು ಗಿಳಿಯ ಕೊಕ್ಕು. ರಟ್ಟು ಮಡಚಿ, ಕೆಂಪು ಬಣ್ಣ ಬಳಿದು, ಎರಡು ಬದಿಗೆ ಇಲಾಸ್ಟಿಕ್ ಹಾಕಿದ್ದರು. ನೋಡಲು ಬಲು ಚೆಂದ. ಗಿಳಿಯ ಪಾತ್ರದ ಹುಡುಗಿ ಅದನ್ನು ಕಟ್ಟಿಕೊಂಡು ಹಾಡಿದರೆ ದನಿ ರಟ್ಟಿನೊಳಗೇ ಸಿಕ್ಕಿಕೊಂಡು ಗುಂಯ್ ಎನ್ನುತ್ತಿತ್ತು. ತುದಿ ಕತ್ತರಿಸಿದರು, ತೂತು ಮಾಡಿದರು, ಆಗಲಿಲ್ಲ. ಕೊನೆಗೆ ಅಣ್ಣ ಅದನ್ನು ಮೇಲಕ್ಕೆ ಸರಿಸಿ ಅವಳ ಹಣೆಯ ಮೇಲೆ ಕೂರಿಸಿದರು. ‘ಹಾಡು ಮುಖ್ಯ ಕಣಮ್ಮ, ಕೊಕ್ಕು ಎಲ್ಲಿದ್ರೇನು’ ಎಂದರು. ಹಣೆಯ ಮೇಲೆ ಕೊಕ್ಕು, ಕೆಳಗೆ ಹುಡುಗಿಯ ತೆರೆದ ಬಾಯಿ, ಮುಂದಿನ ಹಲ್ಲು ಬಿದ್ದ ಜಾಗ ಸಮೇತ. ಅದಕ್ಕಿಂತ ಒಳ್ಳೆಯ ಗಿಳಿಯನ್ನು ನಾನು ಕಂಡಿಲ್ಲ.

ಪಂಜರ ಎಲ್ಲಿ ಎಂದು ಹುಡುಕಿದೆ. ಬೆತ್ತದ್ದಿಲ್ಲ, ತಗಡಿನದಿಲ್ಲ. ಮೇಳದ ಮಕ್ಕಳೇ ಪಂಜರ. ಹಾಡುತ್ತಾ ಹಾಡುತ್ತಾ ಅರ್ಧಚಂದ್ರವಾಗಿ ಸುತ್ತಿ, ಕೈ ಮೇಲೆತ್ತಿ ನಿಂತರೆ ಸರಳು. ಅವೇ ಮಕ್ಕಳು ಮೊದಲ ದೃಶ್ಯದಲ್ಲಿ ಕಾಡಿನ ಮರಗಳಾಗಿದ್ದರು, ಗಿಳಿ ಅವರ ಭುಜದಿಂದ ಭುಜಕ್ಕೆ ಕೈಯಿಟ್ಟು ಹಾರುತ್ತಿತ್ತು. ಆಮೇಲೆ ಪಂಜರ ನೋಡಲು ಬಂದ ಜನ, ಗ್ರಂಥ ಹೊತ್ತು ತರುವ ಆಳುಗಳು, ಕೊನೆಗೆ ಗ್ರಂಥದ ರಾಶಿಯೂ ಅವರೇ. ಮರವೇ ಸರಳಾಗುವುದನ್ನು ಗಿಳಿ ಕಣ್ಣಗಲಿಸಿ ನೋಡುತ್ತದೆ. ಪುಟ್ಟಿ ಬಲಗಡೆಯ ಮೂರನೆಯ ಸರಳು. ಕೈ ಸೋತರೂ ಇಳಿಸುತ್ತಿರಲಿಲ್ಲ. ಸೊಳ್ಳೆ ಕಚ್ಚಿದರೆ ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದಳು.

ಅವಳ ಪಕ್ಕದ ಸರಳು ಒಬ್ಬ ಹುಡುಗ. ಅವನಿಗೆ ಮಾತು ತೊದಲುತ್ತದೆ. ಹೆಸರು ಕೇಳಿದರೆ ಮೊದಲಕ್ಷರದಲ್ಲೇ ನಿಂತು, ಕುತ್ತಿಗೆಯ ನರ ಉಬ್ಬಿ, ಕೇಳಿದವರಿಗೇ ಅಯ್ಯೋ ಅನ್ನಿಸುತ್ತದೆ. ಅವನ ತಂದೆ ದೂರ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತ ಕಾಯುತ್ತಿದ್ದರು. ಹಾಡು ಶುರುವಾಯಿತು. ಆ ಹುಡುಗ ಒಂದು ಅಕ್ಷರವನ್ನೂ ಬಿಡದೆ, ಎಲ್ಲೂ ಎಡವದೆ, ಎಲ್ಲರಿಗಿಂತ ಒಂದು ಹಿಡಿ ಗಟ್ಟಿಯಾಗಿ ಹಾಡಿದ. ತಾಳ ಅವನನ್ನು ಕೈಹಿಡಿದು ದಾಟಿಸುತ್ತಿತ್ತು. ಮಾತಿನಲ್ಲಿ ತೊದಲುವವರು ಹಾಡಿನಲ್ಲಿ ತೊದಲುವುದು ಅಪರೂಪ. ಸಂಗೀತದ ಮೇಷ್ಟ್ರುಗಳಿಗೆ ಇದು ಹಳೆಯ ವಿಷಯ. ಆದರೆ ಕಣ್ಣೆದುರಿಗೆ ಆಗುವಾಗ ನೋಡುವುದೇ ಬೇರೆ. ತಂದೆ ಮೊಬೈಲನ್ನು ಜೇಬಿಗೆ ಹಾಕಿ ಜಗಲಿಯ ಹತ್ತಿರ ಬಂದು ನಿಂತರು. ಆ ಹುಡುಗನಿಗೆ ಒಂಟಿ ಡೈಲಾಗು ಕೊಟ್ಟಿದ್ದರೆ ಏನಾಗುತ್ತಿತ್ತೋ. ಮೇಳ ಅವನನ್ನು ನಡುವೆ ಇಟ್ಟುಕೊಂಡು ಕಾಪಾಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈಚೆಗೆ ಮಕ್ಕಳ ನಾಟಕಕ್ಕೆ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದು ಹಾಕುವುದು ಹೆಚ್ಚಾಗಿದೆ. ಹಿಂದಿನ ವರ್ಷ ಒಂದು ಶಾಲೆಯಲ್ಲಿ ಹಾಗೇ ನೋಡಿದೆ. ಸ್ಟುಡಿಯೋದಲ್ಲಿ ಯಾರೋ ದೊಡ್ಡವರು ಹಾಡಿದ್ದಕ್ಕೆ ಮಕ್ಕಳು ತುಟಿ ಆಡಿಸುತ್ತಿದ್ದರು. ಒಬ್ಬ ಹುಡುಗನ ಪೇಟ ಕಳಚಿತು; ಅವನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹಾಡು ಮುಂದೆ ಹೋಗಿಯೇ ಬಿಟ್ಟಿತ್ತು. ನಮ್ಮ ಅಣ್ಣನ ಹಾರ್ಮೋನಿಯಂ ಹಾಗೆ ಮಾಡುವುದಿಲ್ಲ. ಮಗು ತಡೆದರೆ ಅದೂ ತಡೆಯುತ್ತದೆ, ಅದೇ ಸಾಲನ್ನು ಇನ್ನೊಮ್ಮೆ ಸುತ್ತಿಸಿ, ಮಗು ಬಂದು ಸೇರಿದ ಮೇಲೆ ಮುಂದಕ್ಕೆ ಹೊರಡುತ್ತದೆ. ಮಕ್ಕಳ ಸಂಗೀತ ನಾಟಕದಲ್ಲಿ ಹಾರ್ಮೋನಿಯಂ ಇರಬೇಕಾದದ್ದು ಇದಕ್ಕಾಗಿ. ಶ್ರುತಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ಮಕ್ಕಳೇ ಹಾಡಲಿ. ಹಾಡುವ ಹಕ್ಕಿಯ ಬಾಯಿ ಮುಚ್ಚಿಸಿದ್ದರ ಕಥೆ ಆಡುವಾಗ ಮಕ್ಕಳ ಬಾಯಿಯನ್ನು ನಾವೇ ಮುಚ್ಚಿಸಬಾರದು. ಇದರಲ್ಲಿ ರಾಜಿ ಬೇಡ ಎಂದೇ ನನ್ನ ಅಭಿಪ್ರಾಯ.

ಪ್ರಯೋಗದ ದಿನ ಜಗಲಿಯೇ ರಂಗ, ಆರನೇ ತರಗತಿಯ ಕೋಣೆಯೇ ಬಣ್ಣದ ಮನೆ. ಕೊಬ್ಬರಿ ಎಣ್ಣೆ, ಪೌಡರು, ಬೆವರು, ಅವಲಕ್ಕಿಯ ವಾಸನೆ. ತಾಯಂದಿರು ಹುಬ್ಬು ತಿದ್ದುತ್ತಿದ್ದರು. ಮೇಳದ ಮಕ್ಕಳೆಲ್ಲ ಸೊಂಟಕ್ಕೆ ಒಂದೊಂದು ಹಳೆಯ ದಿನಪತ್ರಿಕೆಯ ಹಾಳೆ ಸಿಕ್ಕಿಸಿಕೊಂಡಿದ್ದರು. ಏಕೆಂದು ಕೇಳಿದರೆ ಪುಟ್ಟಿ, ‘ಹೇಳಬಾರದು, ಕೊನೇಲಿ ಗೊತ್ತಾಗುತ್ತೆ’ ಎಂದಳು.

ಬೆಂಚುಗಳೆಲ್ಲ ತುಂಬಿ, ಚಿಕ್ಕ ಮಕ್ಕಳು ಮುಂದೆ ಜಮಖಾನೆಯ ಮೇಲೆ ಕೂತಿದ್ದರು. ಗಿಳಿ ಕುಣಿಯಿತು, ರಾಜ ಸಿಟ್ಟಾದ, ಪಂಡಿತರು ಗಡ್ಡ ನೀವಿಕೊಂಡರು. ಚಿನ್ನದ ಪಂಜರ ಕಟ್ಟುವ ಹಾಡಿಗೆ ಜನರೂ ಚಪ್ಪಾಳೆ ಹಾಕತೊಡಗಿದರು. ಬಹಳ ಖುಷಿಯ ಹಾಡು ಅದು. ಪಂಜರ ಕಟ್ಟುವುದು ಅಷ್ಟು ಖುಷಿಯ ಕೆಲಸವೆಂಬುದೇ ಅದರ ಒಳಗಿನ ಮುಳ್ಳು. ಆಮೇಲೆ ಪಾಠ ಶುರುವಾಯಿತು. ಆಳುಗಳು ಸಾಲಾಗಿ ಬಂದು ಹಾಳೆ ಹರಿದು ಗಿಳಿಯ ಬಾಯಿಗೆ ಹಿಡಿಯುತ್ತಿದ್ದರು. ಜಮಖಾನೆಯ ಮೇಲಿಂದ ನಾಲ್ಕು ವರ್ಷದ ಹುಡುಗನೊಬ್ಬ ಎದ್ದು ನಿಂತು ಗಟ್ಟಿಯಾಗಿ ಕೇಳಿದ: ‘ಅದಕ್ಕೆ ಊಟ ಯಾರೂ ಕೊಡಲ್ವಾ?’

ದೊಡ್ಡವರು ನಕ್ಕರು. ನನಗೆ ಮಾತ್ರ ಮೈ ಜುಮ್ಮೆಂದಿತು. ಪಂಜರದಲ್ಲಿ ಕಾಳೂ ಇಲ್ಲ, ನೀರೂ ಇಲ್ಲ, ಬರೀ ಪುಸ್ತಕದ ಹಾಳೆ ಎಂದು ರವೀಂದ್ರರು ಆ ಕಥೆಯಲ್ಲಿ ಬರೆದಿದ್ದಾರೆ. ನೂರು ವರ್ಷದ ಹಿಂದೆ ಅವರು ಕಂಡದ್ದನ್ನು ಈ ಹುಡುಗ ಯಾರೂ ಹೇಳಿಕೊಡದೆ ಕಂಡಿದ್ದ. ಪುಟ್ಟಿ ಸರಳಾಗಿ ನಿಂತಲ್ಲಿಂದಲೇ ಅವನ ಕಡೆ ತಿರುಗಿ ತಲೆಯಾಡಿಸಿದಳು, ಇಲ್ಲ ಎಂದು. ಅದು ತಾಲೀಮಿನಲ್ಲಿ ಇರಲಿಲ್ಲ. ಅಣ್ಣ ಹಾರ್ಮೋನಿಯಂ ಮೇಲೆ ಒಂದೇ ಸ್ವರ ಹಿಡಿದು ಅವಳಿಗೆ ಅಷ್ಟು ಹೊತ್ತು ಬಿಟ್ಟುಕೊಟ್ಟರು.

ಕೊನೆಗೆ ಗಿಳಿ ಸತ್ತಿತು. ರಾಜ ಬಂದು ಬೆರಳಿನಿಂದ ಮುಟ್ಟಿ ನೋಡಿದ. ಆಗ ಮೇಳದ ಮಕ್ಕಳೆಲ್ಲ ಸೊಂಟದ ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುದುರಿದರು. ನಲವತ್ತು ಮಕ್ಕಳ ಕೈಯಲ್ಲಿ ಕಾಗದ ಮುದುರುವ ಸದ್ದು. ಗಿಳಿಯ ಹೊಟ್ಟೆಯೊಳಗೆ ಇದ್ದದ್ದು ಅದೇ. ನನ್ನ ಪಕ್ಕದಲ್ಲಿ ಕೂತಿದ್ದ ಪುಟ್ಟಿಯ ತಾಯಿ ವಿಡಿಯೋ ಮಾಡುತ್ತಿದ್ದ ಕೈ ಇಳಿಸಿದರು. ಆಮೇಲೆ ಮಕ್ಕಳು ಅಲ್ಲಿಗೇ ಬಿಡದೆ, ಗಿಳಿ ಮೊದಲ ದೃಶ್ಯದಲ್ಲಿ ಹಾಡಿದ್ದ ಹಾಡನ್ನು ಎಲ್ಲರೂ ಸೇರಿ ಎತ್ತಿಕೊಂಡರು. ಗಿಳಿಯೂ ಎದ್ದು, ಹಣೆಯ ಮೇಲಿನ ಕೊಕ್ಕು ಸರಿಮಾಡಿಕೊಂಡು, ಮೇಳ ಸೇರಿತು.

ಆ ಹಾಡಿನ ಮಟ್ಟು ನಾನು ಬೇರೆ ಊರುಗಳಲ್ಲಿ ಕೇಳಿದ್ದಕ್ಕಿಂತ ಎರಡು ಕಡೆ ಬೇರೆಯಾಗಿತ್ತು. ಅಣ್ಣನನ್ನು ಕೇಳಿದೆ. ಅವರು ತಮ್ಮ ಮೇಷ್ಟ್ರಿಂದ ಕಲಿತದ್ದಂತೆ, ಆ ಮೇಷ್ಟ್ರು ಇನ್ನೊಬ್ಬರಿಂದ. ಹೀಗೆ ಬಾಯಿಂದ ಬಾಯಿಗೆ ಬರುವಾಗ ಒಂದೊಂದು ಊರಿನಲ್ಲಿ ಒಂದೊಂದು ತಿರುವು ಪಡೆಯುತ್ತದೆ. ಯಾವುದು ಮೂಲದ ಮಟ್ಟು ಎಂದು ನಾನು ಹಟ ಹಿಡಿಯುವುದಿಲ್ಲ. ಯಾರಾದರೂ ಪುಣ್ಯಾತ್ಮರು ಊರೂರಿಗೆ ಹೋಗಿ ಎಲ್ಲ ಮಟ್ಟುಗಳನ್ನೂ ಸ್ವರ ಹಾಕಿ ಬರೆದಿಟ್ಟರೆ ದೊಡ್ಡ ಉಪಕಾರ. ಕಲಿಸುವವರಿಗೆ ವಯಸ್ಸಾಗುತ್ತಿದೆ.

ಮಾರನೆಯ ದಿನ ಶಿಬಿರದ ಕೊನೆ. ಬಣ್ಣದ ಬಟ್ಟೆಗಳನ್ನು ಒಗೆಯಲು ಹಂಚಿ, ಉಳಿದ ಅವಲಕ್ಕಿ ಖಾಲಿ ಮಾಡಿ, ಮಕ್ಕಳು ಹೊಂಗೆಮರದ ಕೆಳಗೆ ಮುಂದಿನ ವರ್ಷದ ನಾಟಕಕ್ಕೆ ಜಗಳಕ್ಕೆ ಬಿದ್ದಿದ್ದರು. ಒಬ್ಬಳು ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’ ಎಂದಳು, ಅವಳ ಅಕ್ಕ ಅದರಲ್ಲಿ ಮಾಡಿದ್ದಳಂತೆ. ಕಿಂದರಿಜೋಗಿಯ ಕಡೆ ಹೆಚ್ಚು ಕೈ ಎದ್ದವು. ಜೋಗಿ ಯಾರಾಗುತ್ತೀರಿ ಎಂದು ಅಣ್ಣ ಕೇಳಿದರು. ಒಬ್ಬರೂ ಮುಂದೆ ಬರಲಿಲ್ಲ. ಇಲಿ ಯಾರು ಎಂದದ್ದೇ ತಡ, ಗಿಳಿ, ರಾಜ, ಪಂಡಿತರು ಸಮೇತ ಅಷ್ಟೂ ಜನ ‘ನಾನು, ನಾನು’ ಎಂದು ಮೈಮೇಲೆ ಬಿದ್ದರು. ಬಾಲಕ್ಕೆ ಹಗ್ಗ ಎಷ್ಟು ಬೇಕಾಗುತ್ತದೆ ಎಂದು ತೊದಲು ಮಾತಿನ ಹುಡುಗ ಆಗಲೇ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕುತ್ತಿದ್ದ.